ಆಟ ಕಟ್ಟುವ ಓದು

ಪಿಯುಸಿ ಫಲಿತಾಂಶ ಬಂದ ವಾರ ಕುಷ್ಟಗಿ, ಯಲಬುರ್ಗಾ ಕಡೆಯ ಮನೆಗಳಲ್ಲಿ ಈಗೀಗ ಹೊಸದೊಂದು ಮಾತು ಕೇಳಿಬರುತ್ತದೆ: “ನಮ್ಮ ಹುಡುಗ ಗೇಮ್ ಮಾಡೂದು ಕಲೀತೀನಿ ಅಂತಾನ. ಅದಕ್ಕೂ ಕಾಲೇಜ್ ಅದಾವೇನ್ರಿ?” ಕೇಳುವವರ ದನಿಯಲ್ಲಿ ಅರ್ಧ ಆತಂಕ, ಅರ್ಧ ಕುತೂಹಲ. ಎರಡು ಎಕರೆ ದಾಳಿಂಬೆಯನ್ನೋ ನಾಲ್ಕು ಎಕರೆ ಎರಿಹೊಲದ ಕಡಲೆಯನ್ನೋ ನಂಬಿ ಮಕ್ಕಳನ್ನು ಓದಿಸುವವರಿಗೆ ನೇರ ಉತ್ತರ ಸಿಗಬೇಕು. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜುಗಳು ಇವೆ. ಆದರೆ ‘ಗೇಮ್’ ಎಂಬ ಹೆಸರು ಹೊತ್ತ ಪದವಿಯನ್ನು ಹುಡುಕಿಕೊಂಡು ಊರು ಬಿಡುವ ಮೊದಲು, ಆ ಪದವಿಯೊಳಗೆ ಇರುವುದೇನು ಎಂದು ಬಿಡಿಸಿ ನೋಡಬೇಕು. ಬಿಡಿಸಿದರೆ, ಅದಕ್ಕೆ ಬೇಕಾದ ಸಾಮಗ್ರಿಯಲ್ಲಿ ಬಹಳಷ್ಟು ಕೊಪ್ಪಳ ಜಿಲ್ಲೆಯಲ್ಲೇ ಸಿಗುತ್ತದೆ. ಒಂದೇ ಕೋಣೆಯಲ್ಲಿ ಇಲ್ಲ, ಅಷ್ಟೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ಆಟ ಆಡುವುದು ಬೇರೆ, ಆಟಕ್ಕೆ ಹಣ ಕಟ್ಟುವುದು ಬೇರೆ, ಆಟವನ್ನೇ ಕಟ್ಟುವುದು ಬೇರೆ. ರಮ್ಮಿಯಲ್ಲಿ ದುಡ್ಡು ಕಳೆದುಕೊಂಡವರ ಸುದ್ದಿ ಕೇಳಿ ಕೇಳಿ ನಮ್ಮ ಹಿರಿಯರಿಗೆ ‘ಗೇಮ್’ ಎಂದರೆ ಹೊಟ್ಟೆಯಲ್ಲಿ ತಳಮಳ, ಅದು ಸಹಜ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಪಣಕ್ಕಿಡುವ ಆಟಗಳನ್ನು ನಿಷೇಧಿಸಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸ್‌ ಮತ್ತು ಹಣವಿಲ್ಲದ ಆಟಗಳನ್ನು ಬೇರೆ ಸಾಲಿನಲ್ಲಿ ಇಟ್ಟು, ಅವುಗಳಿಗೆ ಪ್ರೋತ್ಸಾಹದ ಮಾತಾಡಿತು. ಹುಡುಗ ಕಲಿಯುತ್ತೇನೆ ಎನ್ನುತ್ತಿರುವುದು ಈ ಎರಡನೆಯ ಸಾಲಿನ ಕೆಲಸ. ಇಷ್ಟು ತಿಳಿದರೆ ಮನೆಯೊಳಗಿನ ಜಗಳ ಅರ್ಧ ಕಡಿಮೆಯಾಗುತ್ತದೆ.

ಇನ್ನು ಕಲಿಯುವುದೇನು? ಪರದೆಯ ಮೇಲೆ ಒಬ್ಬ ಹುಡುಗಿ ಓಡಿ ಬಂದು ಹಳ್ಳ ಜಿಗಿಯುತ್ತಾಳೆ ಎನ್ನಿ. ಆ ಜಿಗಿತ ನುಣುಪಾಗಿ ಕಾಣಬೇಕಾದರೆ ಯಂತ್ರ ಸೆಕೆಂಡಿಗೆ 60 ಚಿತ್ರ ಬಿಡಿಸಬೇಕು. ಒಂದೊಂದಕ್ಕೆ ಸಿಗುವುದು ಸುಮಾರು 16 ಮಿಲಿಸೆಕೆಂಡು. ಅಷ್ಟರೊಳಗೆ ಬೆರಳು ಎಲ್ಲಿ ಒತ್ತಿತು ಎಂದು ನೋಡಬೇಕು, ಅವಳು ಎಷ್ಟು ಎತ್ತರ ಏರಿದಳು ಎಂದು ಲೆಕ್ಕ ಹಾಕಬೇಕು, ಕಾಲು ದಂಡೆಗೆ ತಾಗಿತೋ ನೀರಿಗೋ ಎಂದು ತೀರ್ಮಾನಿಸಬೇಕು, ಚಿತ್ರ ಬಿಡಿಸಿ ಸದ್ದು ಹೊರಡಿಸಬೇಕು. ದ್ವಿತೀಯ ಪಿಯುಸಿಯಲ್ಲಿ ಸದಿಶ, ಮಾತೃಕೆ ಎಂಬ ಅಧ್ಯಾಯಗಳಿವೆಯಲ್ಲ, ‘ಇವು ಯಾವ ಕೆಲಸಕ್ಕೆ ಬರುತ್ತವೆ’ ಎಂದು ಮಕ್ಕಳು ಗೊಣಗುತ್ತಾರಲ್ಲ, ಆ ಅಧ್ಯಾಯಗಳು ಇಲ್ಲಿ ಪ್ರತಿ ಚಿತ್ರದಲ್ಲೂ ದುಡಿಯುತ್ತವೆ. ಅವಳು ಯಾವ ದಿಕ್ಕಿಗೆ ಎಷ್ಟು ವೇಗದಲ್ಲಿ ಹೋದಳು ಎಂಬುದು ಸದಿಶ. ತಿರುಗಿ ನಿಂತಳು ಎಂಬುದು ಮಾತೃಕೆ. ಇದು ಕೋಡು ಬರೆಯುವವರ ಪಾಲು. ಅವಳ ಲಂಗದ ಬಣ್ಣ, ಓಟದ ಲಯ, ಹಳ್ಳದ ದಂಡೆಯ ಜಾಲಿಗಿಡ ಚಿತ್ರಗಾರರ ಪಾಲು. ಅವಳು ಯಾಕೆ ಓಡುತ್ತಿದ್ದಾಳೆ ಎಂಬುದು ಕತೆಗಾರರದು. ಹಳ್ಳ ಎಷ್ಟು ಅಗಲವಿದ್ದರೆ ಮೂರನೇ ಸಲಕ್ಕೆ ದಾಟಿದ ಖುಷಿ ಸಿಗುತ್ತದೆ ಎಂದು ತೂಗಿ ನೋಡುವುದು ವಿನ್ಯಾಸಕರ ಕೆಲಸ. ನೂರು ಸಲ ಬೇಕೆಂದೇ ತಪ್ಪಾಗಿ ಆಡಿ ದೋಷ ಹಿಡಿಯುವ ಪರೀಕ್ಷಕರು ಬೇರೆ. ಇಷ್ಟು ಮಂದಿ ಒಂದೇ ಮೇಜಿನ ಸುತ್ತ ಕೂತಾಗಲೇ ಆಟ ಆಗುವುದು. ಕನ್ನಡದಲ್ಲಿ ‘ಆಟ’ ಎಂಬ ಒಂದೇ ಮಾತು ಕ್ರೀಡೆಗೂ ಬಯಲಾಟಕ್ಕೂ ಸಲ್ಲುವುದು ಈ ಮೇಜಿನ ಮುಂದೆ ಬಹಳ ಸರಿಯೆನಿಸುತ್ತದೆ.

ಆಟದ ಮಾತು ಬಂದಾಗ ಕೊಪ್ಪಳ ತಾಲ್ಲೂಕಿನ ಮೋರನಾಳವನ್ನು ನೆನೆಯದೆ ಮುಂದೆ ಹೋಗಲಾರೆ. ಆ ಊರಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟಕ್ಕಾಗಿ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ. ತೊಗಲುಗೊಂಬೆ ಏನು ಮಾಡುತ್ತದೆ ನೋಡಿ. ಹದಮಾಡಿದ ತೊಗಲು ಬೆಳಕನ್ನು ಹಾಯಗೊಡುತ್ತದೆ. ಅದರಲ್ಲಿ ರಂಧ್ರ ಕೊರೆದು ಒಡವೆ, ಸೀರೆಯ ಅಂಚು ತೋರಿಸುತ್ತಾರೆ. ಕೆಲವು ಗೊಂಬೆಗಳಲ್ಲಿ ಇಡೀ ದೃಶ್ಯವೇ ಒಂದೇ ತೊಗಲಿನಲ್ಲಿರುತ್ತದೆ. ಕೆಲವಕ್ಕೆ ತೋಳು, ಮೊಣಕೈ ಬೇರೆ ಬೇರೆ ತುಂಡಾಗಿದ್ದು ದಾರದ ಕೀಲಿನಿಂದ ಕೂಡಿರುತ್ತವೆ. ಪರದೆಗೆ ಒತ್ತಿದರೆ ಅಂಚು ಹರಿತ, ದೂರ ಸರಿಸಿದರೆ ಮಸುಕು. ಇಂದು ಎರಡು ಆಯಾಮದ ಆಟ ಕಟ್ಟುವವರು ಕಂಪ್ಯೂಟರಿನಲ್ಲಿ ಮಾಡುವುದೂ ಇದೇ: ಪಾತ್ರದ ಅಂಗಗಳನ್ನು ಬೇರೆ ಬೇರೆ ಬರೆದು, ಕೀಲುಗಳಿಗೆ ಮೂಳೆ ಎಂದು ಹೆಸರಿಟ್ಟು, ಒಂದು ಎಳೆದರೆ ಇನ್ನೊಂದು ಅಲುಗುವಂತೆ ಕಟ್ಟುತ್ತಾರೆ. ಹಿನ್ನೆಲೆಯನ್ನು ಪದರ ಪದರವಾಗಿ ಬಿಟ್ಟು ಆಳ ತೋರಿಸುತ್ತಾರೆ. ಹೋಲಿಕೆ ಅಲಂಕಾರಕ್ಕಾಗಿ ಬಂದದ್ದಲ್ಲ. ಗೊಂಬೆಯ ಕೀಲು ಎಲ್ಲಿದ್ದರೆ ನಡಿಗೆ ಜೀವಂತ ಕಾಣುತ್ತದೆ ಎಂಬ ಅರಿವು ಕೈಯಿಂದ ಕೈಗೆ ಬಂದ ವಿದ್ಯೆ. ಅದನ್ನು ಕಲಿಸುವ ಪಾಠ ಯಾವ ಎಂಜಿನಿಯರಿಂಗ್ ಪಠ್ಯಕ್ರಮದಲ್ಲೂ ಇಲ್ಲ, ಇರುವ ಮನೆಗಳು ಈ ಜಿಲ್ಲೆಯಲ್ಲಿವೆ.

ಕಿನ್ನಾಳವೂ ಹಾಗೆಯೇ. ಅಲ್ಲಿಯ ಚಿತ್ರಗಾರ ಮನೆತನಗಳು ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಬೆರೆಸಿದ ಕಿಟ್ಟದಿಂದ ಮೈ ತುಂಬಿಸಿ, ಮೇಲೆ ಬಣ್ಣ ಹಚ್ಚುತ್ತವೆ. ಒರಟು ಅಚ್ಚು, ಅದರ ಮೇಲೆ ತಿದ್ದಿದ ಮೈ, ಅದರ ಮೇಲೆ ಬಣ್ಣದ ಹೊದಿಕೆ: ಮೂರು ಆಯಾಮದ ಮಾದರಿ ಕಲಿಸುವ ಮೇಷ್ಟರು ಮೊದಲ ವಾರ ಹೇಳುವ ಕ್ರಮವೂ ಇದೇ.

ಈಗ ದೂರದ ಒಂದು ಊರಿನ ಕತೆ ಹೇಳಬೇಕು, ಏಕೆಂದರೆ ಈ ಓದು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ್ದು ಮಹಾನಗರದಲ್ಲಿ ಅಲ್ಲ. ಸ್ಕಾಟ್ಲೆಂಡಿನ ಡಂಡೀ ನಮ್ಮ ಗಂಗಾವತಿಗಿಂತ ತುಸು ದೊಡ್ಡ ಊರು. ಬಂಗಾಳದಿಂದ ಬಂದ ಸೆಣಬು ನೇಯ್ದು ಬದುಕಿದ ಊರದು. ಗಿರಣಿಗಳು ಒಂದೊಂದಾಗಿ ನಿಂತವು. ಅಲ್ಲಿದ್ದ ಟೈಮೆಕ್ಸ್ ಗಡಿಯಾರ ಕಾರ್ಖಾನೆ 1980ರ ದಶಕದಲ್ಲಿ ಸಿಂಕ್ಲೇರ್ ಕಂಪನಿಯ ಅಗ್ಗದ ಗೃಹ ಕಂಪ್ಯೂಟರ್‌ಗಳನ್ನು ಜೋಡಿಸುತ್ತಿತ್ತು. ಹೀಗಾಗಿ ಕೂಲಿಕಾರರ ಮನೆಯ ಮಕ್ಕಳ ಕೈಗೂ ಕಂಪ್ಯೂಟರ್ ಬಂತು, ಊರಲ್ಲಿ ಹವ್ಯಾಸಿ ಕಂಪ್ಯೂಟರ್ ಕೂಟ ಹುಟ್ಟಿತು. ಟೈಮೆಕ್ಸ್‌ನಲ್ಲೇ ಕೆಲಸ ಮಾಡಿದ್ದ ಡೇವಿಡ್ ಜೋನ್ಸ್ ಎಂಬ ಯುವಕ ಆ ಕೂಟದ ಗೆಳೆಯರ ಜೊತೆ ಡಿಎಂಎ ಡಿಸೈನ್ ಎಂಬ ಸಂಸ್ಥೆ ಕಟ್ಟಿದ. 1991ರಲ್ಲಿ ‘ಲೆಮ್ಮಿಂಗ್ಸ್’, 1997ರಲ್ಲಿ ಮೊದಲ ‘ಗ್ರ್ಯಾಂಡ್ ಥೆಫ್ಟ್ ಆಟೊ’ ಅಲ್ಲಿಂದ ಹೊರಬಂದವು. ಅದೇ 1997ರಲ್ಲಿ ಅದೇ ಊರಿನ ಅಬರ್ಟೇ ವಿಶ್ವವಿದ್ಯಾಲಯ ಕಂಪ್ಯೂಟರ್ ಆಟಗಳ ಪದವಿ ಆರಂಭಿಸಿತು. ಜಗತ್ತಿನ ಮೊದಲನೆಯದು ಎಂಬ ಹೆಸರು ಅದಕ್ಕಿದೆ. ಕ್ರಮ ಗಮನಿಸಬೇಕು: ಮೊದಲು ಯಂತ್ರ ಮನೆಗೆ ಬಂತು, ಆಮೇಲೆ ಕೂಟ, ಆಮೇಲೆ ಆಟ, ಕೊನೆಗೆ ಪದವಿ.

1997 ನಮಗೂ ನೆನಪಿರುವ ವರ್ಷ. ಆ ಆಗಸ್ಟ್ 24ರಂದು ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಜೇಶ್ ರಾವ್ ಧ್ರುವ ಇಂಟರಾಕ್ಟಿವ್ ಆರಂಭಿಸಿದರು. ಭಾರತದ ಗೇಮ್ ಉದ್ಯಮದ ಮೊದಲ ಸಂಸ್ಥೆಯೆಂದು ಗುರುತಿಸುವುದು ಅದನ್ನೇ. ಆಗ ಈ ಕೆಲಸ ಕಲಿಸುವ ಕಾಲೇಜು ಇಲ್ಲಿರಲಿಲ್ಲ. ಸಂಸ್ಥೆಯೇ ಚಿತ್ರಕಲಾ ಶಾಲೆಗಳ ಹುಡುಗರನ್ನೂ ಎಂಜಿನಿಯರುಗಳನ್ನೂ ತೆಗೆದುಕೊಂಡು ತಿದ್ದಿತು. 2019ರಲ್ಲಿ ಧ್ರುವವನ್ನು ಕೊಂಡದ್ದು ರಾಕ್‌ಸ್ಟಾರ್ ಗೇಮ್ಸ್. ಡಂಡೀಯ ಆ ಡಿಎಂಎ ಡಿಸೈನ್ ಹೆಸರು ಬದಲಾಗಿ ಸೇರಿರುವುದೂ ಇದೇ ರಾಕ್‌ಸ್ಟಾರ್‌ಗೆ. ಎರಡು ಊರಿನ ಎಳೆಗಳು ಒಂದೇ ಮಗ್ಗಕ್ಕೆ ಬಂದವು.

ಕರ್ನಾಟಕ ಸರ್ಕಾರ ಈ ವಿಷಯದಲ್ಲಿ ನಿದ್ದೆ ಮಾಡಿಲ್ಲ. ಆನಿಮೇಶನ್, ವಿಶುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆಂದೇ 2012ರಲ್ಲಿ ದೇಶದ ಮೊದಲ ರಾಜ್ಯ ನೀತಿ ತಂದದ್ದು ಇದೇ ರಾಜ್ಯ. 2017ರಲ್ಲಿ ಎರಡನೆಯದು, 2024ರಲ್ಲಿ ಮೂರನೆಯದು ಬಂದವು. ಬೆಂಗಳೂರಿನಲ್ಲಿ ಉತ್ಕೃಷ್ಟತಾ ಕೇಂದ್ರವೂ ಆಯಿತು. ಈ ನೀತಿಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು, ಚಿತ್ರಕಲಾ ಕಾಲೇಜುಗಳಿಗೆ ಕಂಪ್ಯೂಟರ್ ಕೊಟ್ಟು ಡಿಜಿಟಲ್ ಕಲಾ ಕೇಂದ್ರಗಳನ್ನಾಗಿ ಮಾಡುವ ಯೋಜನೆ. ಅದು ರೋಗದ ಮೂಲಕ್ಕೆ ಕೈಹಾಕಿದ ಮದ್ದು. ಆದರೂ ಒಟ್ಟು ತೂಕ ಬೆಂಗಳೂರಿನ ಕಡೆಗೇ ವಾಲಿದೆ ಎಂಬುದನ್ನು ಹೇಳಲೇಬೇಕು. ತುಂಗಭದ್ರೆಯ ಈಚೆ ದಡಕ್ಕೆ ಆ ನೀತಿಗಳ ನೀರು ಹರಿದದ್ದು ಕಡಿಮೆ.

ಹುಡುಗನ ಮುಂದಿರುವ ದಾರಿಗಳಾದರೂ ಯಾವುವು? ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ತನ್ನ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಎಂಬ ಸ್ನಾತಕೋತ್ತರ ಪದವಿ ಕೊಡುತ್ತದೆ. ಓದು ಗಟ್ಟಿಯಾದದ್ದು, ಸೀಟು ಬಹಳ ಕಡಿಮೆ, ಪ್ರವೇಶಕ್ಕೆ ಚಿತ್ರ ಮತ್ತು ಆಲೋಚನೆಯನ್ನು ಅಳೆಯುವ ಪರೀಕ್ಷೆ. ಇಲ್ಲೊಂದು ಸಂಗತಿ ತಿಳಿದಿರಬೇಕು: ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಮೀಸಲಿಡುತ್ತದೆ, ಎನ್‌ಐಡಿಯಂಥ ಕೇಂದ್ರ ಸಂಸ್ಥೆಗಳಿಗೆ ಅದು ಅನ್ವಯಿಸದು. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ‘ಗೇಮ್ ಆರ್ಟ್’, ‘ಗೇಮ್ ಡಿಸೈನ್’ ಹೆಸರಿನ ಪದವಿಗಳು ಸಿಗುತ್ತವೆ. ಶುಲ್ಕ ಲಕ್ಷಗಳಲ್ಲಿ, ಗುಣಮಟ್ಟ ಒಂದೊಂದು ಕಡೆ ಒಂದೊಂದು ಥರ. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿದರೆ ಸಾಕು ಎನ್ನುತ್ತೇನೆ: ಕಳೆದ ವರ್ಷದ ವಿದ್ಯಾರ್ಥಿಗಳು ಕಟ್ಟಿ ಮುಗಿಸಿದ ಆಟ ತೋರಿಸಿ, ನಾನು ಆಡಿ ನೋಡಬೇಕು. ತೋರಿಸಲು ಆಟ ಇಲ್ಲದ ಕಡೆ ಹಣ ಕಟ್ಟಬಾರದು.

ಮೂರನೆಯ ದಾರಿ ಹತ್ತಿರದ್ದು, ಮತ್ತು ನನ್ನ ಲೆಕ್ಕದಲ್ಲಿ ಹೆಚ್ಚಿನವರಿಗೆ ಸರಿಯಾದದ್ದು: ಗಟ್ಟಿಯಾದ ಕಂಪ್ಯೂಟರ್ ವಿಜ್ಞಾನ, ಇಲ್ಲವೇ ಗಟ್ಟಿಯಾದ ಚಿತ್ರಕಲೆ. ವಿಟಿಯುವಿನ 2018ರ ಪಠ್ಯಕ್ರಮದಲ್ಲಿ ಆರನೇ ಸೆಮಿಸ್ಟರಿಗೆ ಕಂಪ್ಯೂಟರ್ ಗ್ರಾಫಿಕ್ಸ್ ಪ್ರಯೋಗಾಲಯ ಇತ್ತು, ಜೊತೆಗೆ ಓಪನ್‌ಜಿಎಲ್ ಬಳಸಿ ಒಂದು ಕಿರುಯೋಜನೆ. ರಾಜ್ಯದ ಸಾವಿರಾರು ಹುಡುಗ ಹುಡುಗಿಯರು ತಮ್ಮ ಮೊದಲ ಪುಟ್ಟ ಆಟ ಬರೆದದ್ದು ಆ ಯೋಜನೆಗಾಗಿ. ‘ಗೇಮ್’ ಎಂದು ಯಾವ ಅಂಕಪಟ್ಟಿಯಲ್ಲೂ ಬರಲಿಲ್ಲ, ಆದರೆ ಸದಿಶವೂ ಮಾತೃಕೆಯೂ ಮೊದಲ ಸಲ ಕಣ್ಣಿಗೆ ಕಂಡದ್ದು ಅಲ್ಲಿ. ಉದ್ಯಮವೂ ಪದವಿಯ ಹೆಸರಿಗಿಂತ ಮಾಡಿ ತೋರಿಸಿದ ಕೆಲಸವನ್ನೇ ಕೇಳುತ್ತದೆ.

ಇನ್ನೊಂದು ಕಾರಣವೂ ಇದೆ. ಈ ಉದ್ಯಮದಲ್ಲಿ ಏರಿಳಿತ ಜೋರು. 2024ರ ಜನವರಿ ಒಂದೇ ತಿಂಗಳಲ್ಲಿ ಮೈಕ್ರೊಸಾಫ್ಟ್ ತನ್ನ ಗೇಮಿಂಗ್ ವಿಭಾಗದಿಂದ ಸುಮಾರು 1,900 ಮಂದಿಯನ್ನು, ಆಟ ಕಟ್ಟುವ ತಂತ್ರಾಂಶ ಮಾಡುವ ಯುನಿಟಿ ಸಂಸ್ಥೆ ಸುಮಾರು 1,800 ಮಂದಿಯನ್ನು ಕೆಲಸದಿಂದ ತೆಗೆದವು. 2025ರ ಫೆಬ್ರುವರಿಯಲ್ಲಿ ವಿಶುವಲ್ ಎಫೆಕ್ಟ್ಸ್ ಕ್ಷೇತ್ರದ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಅದರ ದೊಡ್ಡ ಕಚೇರಿಯೂ ಬಾಗಿಲು ಹಾಕಿತು. ಕಂಪ್ಯೂಟರ್ ವಿಜ್ಞಾನ ಓದಿದವರಿಗೆ ಅಂಥ ದಿನ ಬೇರೆ ಬಾಗಿಲು ತಟ್ಟಲು ಸಾಧ್ಯ. ಮೂರು ವರ್ಷ ಒಂದೇ ಸಾಫ್ಟ್‌ವೇರಿನ ಗುಂಡಿ ಒತ್ತಲು ಕಲಿತವರಿಗೆ ಕಷ್ಟ. ಹೊಲ ಅಡವಿಟ್ಟು ಓದಿಸುವ ಮನೆಗೆ ಈ ವ್ಯತ್ಯಾಸ ದೊಡ್ಡದು.

ತಳಕಲ್ ಎಂಬ ಊರನ್ನು ಈಗ ನೋಡೋಣ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿದ ಆ ಊರಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಏಳು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂದಾದ ಕೊಪ್ಪಳ ವಿಶ್ವವಿದ್ಯಾಲಯದ ನೆಲೆಯೂ ಅದೇ. ಗದಗ–ವಾಡಿ ರೈಲು ಮಾರ್ಗ ಕವಲೊಡೆಯುವುದು ತಳಕಲ್‌ನಲ್ಲೇ. ಅಲ್ಲಿಂದ ಕುಕನೂರು, ಯಲಬುರ್ಗಾ ದಾಟಿ 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಮುಟ್ಟಿತು. ಹತ್ತಿರದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್ ಇದೆ. 2021ರ ಜನವರಿಯಲ್ಲಿ ಅದಕ್ಕೆ ಅಡಿಗಲ್ಲು ಬಿತ್ತು. ಹೊಳೆಯಾಚೆ, 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಜನಪದವನ್ನೂ ದೃಶ್ಯಕಲೆಯನ್ನೂ ಕಲಿಸುತ್ತಿದೆ. ಕೋಡು ಬರೆಯುವವರು, ಆಟಿಕೆ ಕಾರ್ಖಾನೆ, ಚಿತ್ರಗಾರರು, ಗೊಂಬೆಯಾಟದವರು, ಕತೆ ಬಲ್ಲವರು ಎಲ್ಲರೂ ಒಂದೆರಡು ಗಂಟೆ ಪ್ರಯಾಣದ ಒಳಗಿದ್ದಾರೆ. ಡಂಡೀಗೆ ಇದ್ದದ್ದಕ್ಕಿಂತ ಇದು ಕಡಿಮೆಯೇ? ನನಗೆ ಹಾಗನಿಸುವುದಿಲ್ಲ.

ನೋವಿನ ಸಂಗತಿಯನ್ನೂ ಹೇಳಬೇಕು. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಮುಚ್ಚಲು ಶಿಫಾರಸು ಮಾಡಿದ ಒಂಬತ್ತು ವಿಶ್ವವಿದ್ಯಾಲಯಗಳಲ್ಲಿ ಕೊಪ್ಪಳದ್ದೂ ಇತ್ತು. ಹಣವಿಲ್ಲ, ಕಟ್ಟಡವಿಲ್ಲ, ಬೋಧಕರಿಲ್ಲ ಎಂಬ ಕಾರಣಗಳು ಸುಳ್ಳಲ್ಲ. ಆದರೆ ಬೇರೆ ಕಡೆ ಇರುವ ವಿಭಾಗಗಳನ್ನೇ ಇಲ್ಲೂ ಸಣ್ಣದಾಗಿ ತೆರೆದರೆ ಅಂಥ ವಿಶ್ವವಿದ್ಯಾಲಯದ ಪರವಾಗಿ ಮಾತಾಡುವವರು ಎಲ್ಲಿಂದ ಬರಬೇಕು? ಕಿನ್ನಾಳದ ಕೈಯೂ ಎಂಜಿನಿಯರಿಂಗ್ ಕಾಲೇಜಿನ ಕೋಡೂ ಕೂಡುವ ಒಂದು ವಿಭಾಗ ತಳಕಲ್‌ನಲ್ಲಿ ಇದ್ದರೆ, ಅದನ್ನು ಮುಚ್ಚುವ ಮಾತು ಎತ್ತುವುದು ಯಾವ ಸಮಿತಿಗೂ ಸುಲಭವಾಗದು.

ಅದಕ್ಕೆ ಕೋಟಿಗಟ್ಟಲೆ ಬೇಕಿಲ್ಲ. ಗೊಡೊ ಎಂಬ ಗೇಮ್ ಎಂಜಿನ್, ಅಂದರೆ ಆಟ ಕಟ್ಟುವ ತಂತ್ರಾಂಶ, ಪೂರ್ತಿ ಮುಕ್ತ, ಪೂರ್ತಿ ಉಚಿತ. ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಆಂಡ್ರಾಯ್ಡ್ ಫೋನು, ಟ್ಯಾಬ್ಲೆಟ್ಟಿನಲ್ಲಿ ಕೂತು ಆಟ ಕಟ್ಟುವ ಆವೃತ್ತಿಯೂ ಇದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದೆ ಫೋನು ಮಾತ್ರ ಇರುವ ಕನಕಗಿರಿ, ಕಾರಟಗಿ ಕಡೆಯ ಹುಡುಗಿಗೆ ಇದರ ಬೆಲೆ ಗೊತ್ತು. ಡಂಡೀಯ ಮನೆಗಳಿಗೆ ಟೈಮೆಕ್ಸ್ ಕೊಟ್ಟ ಯಂತ್ರ ನಮ್ಮ ಮಕ್ಕಳ ಜೇಬಿಗೆ ಆಗಲೇ ಬಂದಿದೆ. ಬಾರದೆ ಉಳಿದಿರುವುದು ಕೂಟ.

ಗೊಡೊ ಹೆಸರು ಹೇಳಲು ಇನ್ನೊಂದು ಕಾರಣ ಕನ್ನಡ. ಬಹಳ ಕಾಲ ಹೆಚ್ಚು ಮಂದಿ ಬಳಸಿದ ಯುನಿಟಿಯಲ್ಲಿ ಅಕ್ಷರ ಮೂಡಿಸುವ ಟೆಕ್ಸ್ಟ್‌ಮೆಶ್ ಪ್ರೊ ಎಂಬ ಸಲಕರಣೆಗೆ ನಮ್ಮ ಒತ್ತಕ್ಷರ ತಿಳಿಯದು. ಯೂನಿಕೋಡಿನಲ್ಲಿ ‘ಕೊಪ್ಪಳ’ದ ‘ಪ್ಪ’ ಎಂದರೆ ಪ, ಹಲಂತ, ಮತ್ತೊಂದು ಪ. ಎರಡನೆಯ ‘ಪ’ವನ್ನು ಕೆಳಗಿಳಿಸಿ ಒತ್ತಾಗಿಸುವ ಬುದ್ಧಿ ತಂತ್ರಾಂಶಕ್ಕಿರಬೇಕು. ಇಲ್ಲದಿದ್ದರೆ ಪರದೆಯ ಮೇಲೆ ‘ಕೊಪ್‌ಪಳ’ ಎಂದು ಮುರಿದು ಬೀಳುತ್ತದೆ. ‘ಕುಷ್ಟಗಿ’ಗೂ ಅದೇ ಗತಿ, ‘ಯಲಬುರ್ಗಾ’ದ ಅರ್ಕಾವೊತ್ತು ದಿಕ್ಕು ತಪ್ಪುತ್ತದೆ, ನಾಲ್ಕು ಊರುಗಳಲ್ಲಿ ‘ಗಂಗಾವತಿ’ಯನ್ನು ಮಾತ್ರ, ತಲೆಕಟ್ಟು ಅಡ್ಡ ಬಂದರೂ, ಹೇಗೋ ಓದಬಹುದು. ಹೀಗಾಗಿ ಕನ್ನಡದಲ್ಲಿ ಆಟ ಕಟ್ಟ ಹೊರಟವರು ಪ್ರತಿ ಮಾತನ್ನೂ ಚಿತ್ರವಾಗಿ ಕತ್ತರಿಸಿ ಅಂಟಿಸಿದ್ದುಂಟು, ಬೇಸತ್ತು ಇಂಗ್ಲಿಷಿಗೆ ಹೊರಳಿದ್ದುಂಟು. ಗೊಡೊ 2023ರ ತನ್ನ ನಾಲ್ಕನೇ ಆವೃತ್ತಿಯಿಂದ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಅಳವಡಿಸಿಕೊಂಡಿದೆ. ಒತ್ತು ಒತ್ತಾಗಿಯೇ ಮೂಡುತ್ತದೆ. ಸಣ್ಣ ತಾಂತ್ರಿಕ ವಿವರ ಎಂದು ಇದನ್ನು ಬಿಡಲು ನನಗೆ ಮನಸ್ಸಿಲ್ಲ. ತನ್ನ ಊರಿನ ಹೆಸರು ಸರಿಯಾಗಿ ಮೂಡದ ಪರದೆಯ ಮುಂದೆ ಕೂತ ಹುಡುಗಿ, ಈ ಕೆಲಸ ತನ್ನ ನುಡಿಯವರಿಗಲ್ಲ ಎಂದುಕೊಂಡರೆ ತಪ್ಪು ಅವಳದಲ್ಲ.

ನುಡಿಯೊಂದು ಆಟವಾಗಬಲ್ಲದು ಎಂಬುದಕ್ಕೆ ಪಕ್ಕದ ಮನೆಯಲ್ಲೇ ಸಾಕ್ಷಿಯಿದೆ. ಕೆನಡಾಗೆ ಹೋದ ತಮಿಳು ಕುಟುಂಬವೊಂದು ಅಮ್ಮನ ಹರಿದುಹೋದ ಅಡುಗೆ ಪುಸ್ತಕದಿಂದ ಇಡ್ಲಿ, ಬಿರಿಯಾನಿ ಮಾಡುವ ‘ವೆಣ್ಬಾ’ ಎಂಬ ಪುಟ್ಟ ಆಟ 2023ರಲ್ಲಿ ಬಂತು. ಟೊರಾಂಟೊದ ಸಣ್ಣ ತಂಡ ಕಟ್ಟಿದ್ದು. ಮರುವರ್ಷ ಚೊಚ್ಚಲ ಆಟಕ್ಕೆ ಕೊಡುವ ಬಾಫ್ಟಾ ಪ್ರಶಸ್ತಿ ಅದಕ್ಕೆ ಸಂದಿತು. ಗುಂಡಿನ ಸದ್ದಿಲ್ಲ, ಓಟವಿಲ್ಲ; ಒಂದು ಅಡುಗೆಮನೆ, ಒಂದು ಭಾಷೆ. ಹಿರೇಬೆಣಕಲ್ಲಿನ ಬೃಹತ್ ಶಿಲಾಯುಗದ ಕಲ್ಮನೆಗಳು, ಗವಿಮಠದ ಅಶೋಕನ ಶಾಸನ, ಇಟಗಿಯ 1112ರ ಮಹಾದೇವ ದೇಗುಲ ಇಷ್ಟೆಲ್ಲ ಸುತ್ತಲಿರುವ ನಾಡಿಗೆ ಕತೆಯ ಬರ ಬಂದೀತೆಂಬ ಚಿಂತೆ ನನಗಿಲ್ಲ. ಆಟ ಕಟ್ಟುವುದೂ ಈ ನಾಡಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನ ಅರಮನೆಯಲ್ಲಿ ಕೂತು ಹೊಸ ಹೊಸ ಹಾಸಿನ ಆಟಗಳನ್ನೂ ಗಂಜೀಫ ಎಲೆಗಳ ಆಟಗಳನ್ನೂ ರೂಪಿಸಿದರು. ಹಂಪಿಯ ಮಂಟಪಗಳ ಕಲ್ಲುಹಾಸಿನ ಮೇಲೆ ಯಾರೋ ಕೊರೆದಿಟ್ಟ ಆಟದ ಮನೆಗಳು ಈಗಲೂ ಇವೆ.

ತಳಕಲ್‌ನಲ್ಲಿ ಅಂಥ ವಿಭಾಗ ಬರುವವರೆಗೆ ಕಾಯಬೇಕಿಲ್ಲ. ಕುಷ್ಟಗಿಯ ಪಾಲಿಟೆಕ್ನಿಕ್ಕಿನಲ್ಲೋ ಕೊಪ್ಪಳದ ಪದವಿ ಕಾಲೇಜಿನಲ್ಲೋ ಶನಿವಾರ ಮಧ್ಯಾಹ್ನ ಒಂದು ಕೋಣೆ, ನಾಲ್ಕು ಕಂಪ್ಯೂಟರು, ಚಿತ್ರ ಬಲ್ಲ ಒಬ್ಬರು, ಗಣಿತ ಬಲ್ಲ ಒಬ್ಬರು ಸಿಕ್ಕರೆ ಶುರುಮಾಡಬಹುದು. ಮೊದಲ ಪಾಠಕ್ಕೆ ನಾನು ಆರಿಸುವುದು ಚೌಕಾಬಾರ. ಐದು ಸಾಲು, ಐದು ಕಂಬ, 25 ಮನೆ, ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲಾಗಿ ಬಿದ್ದವೋ ಅಷ್ಟು ಮನೆ ನಡೆ. ನಾಲ್ಕೂ ಮೇಲಾದರೆ ಚೌಕಾ, ನಾಲ್ಕೂ ಬೋರಲಾದರೆ ಎಂಟು. ಹೊಸಬರು ಕಂಪ್ಯೂಟರಿಗೆ ‘1, 2, 3, 4, 8ರಲ್ಲಿ ಯಾವುದಾದರೂ ಒಂದು ಕೊಡು’ ಎಂದು ಬರೆದುಬಿಡುತ್ತಾರೆ. ಆಡಿ ನೋಡಿದರೆ ಆಟ ಸಪ್ಪೆ. ಚೌಕಾ ಬಿದ್ದಾಗ ಕೂಗಬೇಕೆನಿಸುವುದಿಲ್ಲ. ಯಾಕೆಂದರೆ ಕವಡೆ ಹಾಗೆ ಬೀಳುವುದಿಲ್ಲ. ಎರಡೂ ಮಗ್ಗುಲು ಸಮ ಎಂದುಕೊಂಡರೆ 16ರಲ್ಲಿ ಆರು ಸಲ ಎರಡು ಬೀಳುತ್ತದೆ, ಚೌಕಾ ಬೀಳುವುದು ಒಂದೇ ಸಲ, ಎಂಟೂ ಒಂದೇ ಸಲ. ಆ ಅಪರೂಪದಲ್ಲೇ ಕೂಗು ಇರುವುದು. ಅಷ್ಟೇ ಅಲ್ಲ, ನಿಜವಾದ ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಎರಡು ಮಗ್ಗುಲು ಸಮವೂ ಅಲ್ಲ. ಹಾಗಾಗಿ ಕೀಲಿಮಣೆ ಮುಟ್ಟುವ ಮೊದಲು ಮಕ್ಕಳು ಅಜ್ಜಿಯ ಡಬ್ಬಿಯಿಂದ ನಾಲ್ಕು ಕವಡೆ ಇಸಿದುಕೊಂಡು ಬರಬೇಕು, ಕಂಬಳಿಯ ಮೇಲೆ ಇನ್ನೂರು ಸಲ ಎಸೆಯಬೇಕು, ಪ್ರತಿ ಸಲ ಏನು ಬಿತ್ತೆಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತ ಹೋಗಬೇಕು.